ಏರಿಯ ಮೇಲೆ ಮೇಷ್ಟ್ರ ಕಾರು

ನಮ್ಮೂರಿನ ಆಂಬುಲೆನ್ಸಿನಲ್ಲಿ ಡಾಕ್ಟರಿಗಿಂತ ಮೊದಲು ನಂಜಜ್ಜಿಯನ್ನು ಕೂರಿಸುತ್ತಾರೆ. ನಂಜಜ್ಜಿಗೆ ತೊಂಬತ್ತಾರು ವರ್ಷ. ಅವಳಿಗೆ ವೈದ್ಯ ಗೊತ್ತಿಲ್ಲ, ರಕ್ತ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆದರೆ ಅವಳು ಒಳಗಿದ್ದರೆ ಆಂಬುಲೆನ್ಸ್ ಊರಿನ ಯಾವ ಗಾಡಿಯನ್ನಾದರೂ ದಾಟಿಕೊಂಡು ಹೋಗುತ್ತದೆ. ಅವಳಿಲ್ಲದ ದಿನ, ಎಂಬತ್ತು ದಾಟಿದ ಯಾರೋ ಒಬ್ಬರು ಸೊಪ್ಪು ತರಲು ಹೊರಟಿದ್ದರೆ ಮುಗಿಯಿತು, ಸೈರನ್ ಎಷ್ಟು ಬಾಯಿ ಬಡಿದುಕೊಂಡರೂ ಸೊಪ್ಪಿನಂಗಡಿಯವರೆಗೆ ಅವರ ಹಿಂದೆಯೇ ಹೋಗಬೇಕು. ನಮ್ಮೂರಿನ ಕಾರುಗಳು ಹಿರಿಯರನ್ನು ಹಿಂದಿಕ್ಕುವುದಿಲ್ಲ.

ಈ ಕಾರುಗಳು ಬಂದು ನಾಲ್ಕು ವರ್ಷವಾಯಿತು. ಇವಕ್ಕೆ ಸದ್ದಿಲ್ಲ, ಹೊಗೆಯಿಲ್ಲ, ಹಿಡಿದುಕೊಳ್ಳಲು ಸ್ಟೇರಿಂಗೂ ಇಲ್ಲ. ಎಲ್ಲಿಗೆ ಎಂದು ಹೇಳಿ ಕೂತರೆ ತಾವೇ ಹೋಗುತ್ತವೆ. ಎದುರಿಗೆ ಊಟದ ಮಣೆಯಷ್ಟು ಅಗಲದ ಒಂದು ಗಾಜಿನ ಪರದೆ. ಮುಂದಿನ ಕಾರಿನಲ್ಲಿರುವವರು ನಮಗಿಂತ ಚಿಕ್ಕವರಾದರೆ ಆ ಪರದೆಯ ಮೇಲೆ 'ಮುಂದೆ ಹೋಗಲೇ?' ಎಂಬ ಪ್ರಶ್ನೆ ಮೂಡುತ್ತದೆ. ಕೆಳಗೆ 'ಹೌದು', 'ಬೇಡ' ಎಂದು ಎರಡು ಗುಂಡಿ. ಮುಂದಿರುವವರು ದೊಡ್ಡವರಾದರೆ ಪ್ರಶ್ನೆಯೇ ಇಲ್ಲ, ಕೈಮುಗಿದ ಒಂದು ಚಿತ್ರ ಬರುತ್ತದೆ, ಅಷ್ಟೆ. ಕಾರಿನಲ್ಲಿ ಎಷ್ಟು ಜನರಿದ್ದರೂ ಅವರಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸೇ ಲೆಕ್ಕ. ಆ ವಯಸ್ಸನ್ನೂ ಯಾರ ಬಾಯಿಮಾತು ಕೇಳದೆ, ಕೂತವರ ಮೈ ನೋಡಿ ತಾವೇ ಸರಿಯಾಗಿ ತಿಳಿದುಕೊಳ್ಳುತ್ತವೆ. ಇದೇಕೆ ಹೀಗೆ ಎಂದು ನಾವು ಕೇಳಿದ್ದಕ್ಕೆ ಕಂಪನಿಯಿಂದ ಒಬ್ಬರು ಬಂದು ಎರಡು ದಿನ ಪರೀಕ್ಷೆ ಮಾಡಿ, ನಿಮ್ಮೂರಿನ ಅವರೆಕಾಳು ಉಪ್ಪಿಟ್ಟು ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು.

ನಾವು ಒಗ್ಗಿಕೊಂಡೆವು. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಅರವತ್ತು ದಾಟಿದವರು ಯಾರೂ ಒಂಟಿಯಾಗಿ ಕಾರು ಹತ್ತುವುದಿಲ್ಲ. ಶಾಲೆಗೆ, ಕೆಲಸಕ್ಕೆ ಹೋಗುವವರು ಹೋಗಲಿ ಎಂದು ಜಗುಲಿಯಲ್ಲಿ ಕೂತು ಕಾಫಿಯನ್ನು ಬೇಕೆಂದೇ ನಿಧಾನವಾಗಿ ಕುಡಿಯುತ್ತಾರೆ. ಅವಸರವಿದ್ದವರು ಗೇಟಿನ ಹತ್ತಿರ ಬಂದು "ಅಜ್ಜಿ ಬಿಡುವಾಗಿದಾರಾ?" ಎಂದು ಕೇಳುತ್ತಾರೆ. ಸೊಸೆಯಂದಿರು ಅತ್ತೆಯನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ. ನಮ್ಮ ಬೀದಿಯ ಹೊಸ ಗಂಡ ಹೆಂಡತಿ ಮೊದಲ ಪ್ರವಾಸಕ್ಕೆ ತಾತನನ್ನು ಕರೆದುಕೊಂಡು ಹೋದರು. ಪಾಪ, ಆ ತಾತ ಹೋಗುವಾಗಲೂ ಬರುವಾಗಲೂ ಕತ್ತನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡು ಕೂತಿದ್ದು, ಒಂದು ವಾರ ಕತ್ತುನೋವು ತಿಂದರು. ಪೋಸ್ಟ್ ಮಾಸ್ಟರಾಗಿದ್ದ ತಮ್ಮಣ್ಣನವರು ಅರವತ್ತೆರಡು ಎಂದು ಹೇಳಿಕೊಂಡು ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ಅವರ ಕಾರು ಒಂದು ದಿನ ಎಪ್ಪತ್ತಮೂರರ ಬೇಕರಿ ಯಜಮಾನರ ಕಾರನ್ನು ಸರ್ರನೆ ದಾಟಿ ಹೋಯಿತು. ಮಾರನೆಯ ದಿನದಿಂದ ಮೀಸೆ ಬೆಳ್ಳಗೆ, ಮನುಷ್ಯನೂ ಹಗುರ.

ಆ ದಿನ ಬೀದಿಯೆಲ್ಲ ನಕ್ಕಿತು. ನಾನು ಮಾತ್ರ ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ.

ನನ್ನ ಹೆಸರು ಕಾತ್ಯಾಯಿನಿ. ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತು ವರ್ಷ ಇದ್ದೆ. ನಮ್ಮ ಯಜಮಾನರು ಗಣಿತದ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರೇ ಆದ್ದರಿಂದ ನನಗೂ ಮೇಷ್ಟ್ರೇ. ಅವರಿಗೆ ಎಪ್ಪತ್ತೆಂಟು, ನನಗೆ ಎಪ್ಪತ್ತಾರು ಎಂದು ಊರು ನಂಬಿತ್ತು. ನನಗೆ ಎಪ್ಪತ್ತೊಂಬತ್ತು. ನಾನು ಬಿ.ಎ. ಮುಗಿಸುವ ಹೊತ್ತಿಗೆ ನನ್ನ ವಯಸ್ಸಿನ ಹುಡುಗಿಯರಿಗೆ ಎರಡೆರಡು ಮಕ್ಕಳಾಗಿದ್ದವು. ಇಷ್ಟು ಓದಿದ, ಇಷ್ಟು ಬಲಿತ ಹುಡುಗಿಯನ್ನು ಯಾರು ಒಪ್ಪುತ್ತಾರೆ ಎಂದು ಹೆದರಿ ನಮ್ಮ ಅಪ್ಪ ಜಾತಕದಲ್ಲಿ ಮೂರು ವರ್ಷ ಕತ್ತರಿಸಿದರು. ಓದನ್ನು ಮಾತ್ರ ಕತ್ತರಿಸಲಾಗಲಿಲ್ಲ. ಹಾಗಾಗಿ ಇಪ್ಪತ್ತೊಂದಕ್ಕೆ ಬಿ.ಎ. ಮಾಡಿದವಳು ಹದಿನೆಂಟಕ್ಕೇ ಮಾಡಿದ ಹಾಗಾಯಿತು. ಅಪ್ಪ ಇದನ್ನು ಯೋಚಿಸಿಯೇ ಇರಲಿಲ್ಲ.

ಮೇಷ್ಟ್ರಿಗೆ ಮಾತ್ರ ಅದೇ ದೊಡ್ಡ ವಿಷಯವಾಯಿತು. ಮದುವೆಯಾದ ವಾರದಿಂದ ಶುರು. "ನಮ್ಮ ಕಾತ್ಯಾಯಿನಿ ಹದಿನೆಂಟಕ್ಕೇ ಬಿ.ಎ.!" ತರಕಾರಿಯವನಿಗೆ, ರೈಲಿನಲ್ಲಿ ಎದುರು ಕೂತವರಿಗೆ, ನನ್ನ ಹಲ್ಲು ಕಿತ್ತ ಡಾಕ್ಟರಿಗೆ, ಹಲ್ಲು ಇನ್ನೂ ಇಕ್ಕಳದಲ್ಲಿರುವಾಗಲೇ ಹೇಳಿದ್ದಾರೆ. ಐವತ್ತೇಳು ವರ್ಷ ಆ ಮಾತು ಕೇಳಿ ನಾನು ಮುಗುಳ್ನಕ್ಕಿದ್ದೇನೆ, ಊರು ಅದನ್ನು ವಿನಯ ಎಂದುಕೊಂಡಿದೆ. ಗಂಡನಿಗಿಂತ ಒಂದು ವರ್ಷ ದೊಡ್ಡವಳು ಎಂದು ತಿಳಿದರೆ ಈ ವಯಸ್ಸಿನಲ್ಲಿ ನನಗೇನೂ ಆಗಬೇಕಿಲ್ಲ. ಆದರೆ ಒಬ್ಬ ಒಳ್ಳೆಯ ಮನುಷ್ಯ ಅರ್ಧ ಶತಮಾನ ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತನ್ನು ಅವರ ಬಾಯಿಂದ ಕಿತ್ತುಕೊಳ್ಳುವುದು ಹೇಗೆ?

ಕಾರುಗಳು ಬಂದ ಮೇಲೆ ಆದ್ದರಿಂದ ನಾನು ಜಾಗರೂಕಳಾದೆ. ಮೇಷ್ಟ್ರು ಹೊರಟರೆ ಅವರ ಕಾರಿನಲ್ಲೇ ಹೊರಡುವುದು, ಇಲ್ಲವಾದರೆ ಅವರು ಹೋದ ದಿಕ್ಕಿನ ಎದುರು ದಿಕ್ಕಿಗೆ ಹೋಗುವುದು. ಎಪ್ಪತ್ತಾರಕ್ಕೂ ಎಪ್ಪತ್ತೊಂಬತ್ತಕ್ಕೂ ನಡುವೆ ಊರಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಹಾಸಿಗೆ ಹಿಡಿದಿದ್ದರು, ಇನ್ನೊಬ್ಬರು ಕಾರನ್ನೇ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದರು. ಇಬ್ಬರ ಆರೋಗ್ಯವನ್ನೂ ನಾನು ಆಗಾಗ ವಿಚಾರಿಸುತ್ತಿದ್ದೆ.

ಇನ್ನು ಚೆಲುವಿಯ ವಿಷಯ. ನಮ್ಮ ಹಿಂದಿನ ಮನೆಯವಳು, ನಲವತ್ತನಾಲ್ಕು ವರ್ಷ. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಇಪ್ಪತ್ತು ವರ್ಷ ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಕಲಸಿ, ಚಾಪೆ ಹಾಸಿದವಳು. ಹಾಡು, ಕಥೆ, ಅಕ್ಷರ ಎಲ್ಲ ಅವಳೇ ಹೇಳಿಕೊಡುತ್ತಿದ್ದಳು. ಟೀಚರ್ ಎಂಬ ಹೆಸರು ಮಾತ್ರ ಬೇರೆಯವರದು. ಆ ಟೀಚರಮ್ಮ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಚೆಲುವಿ ಬರಬೇಕಾದರೆ ಹತ್ತನೆಯ ತರಗತಿ ಪಾಸಾಗಿರಬೇಕು, ನಲವತ್ತೈದು ದಾಟಿರಬಾರದು. ಎಲ್ಲ ವಿಷಯ ಪಾಸಾಗಿ ಗಣಿತವೊಂದು ಉಳಿದಿತ್ತು. ಅದರಲ್ಲಿ ಎರಡು ಸಲ ಫೇಲು. ಈ ಸಲ ತಪ್ಪಿದರೆ ಜನ್ಮಕ್ಕೆ ಇನ್ನಿಲ್ಲ.

ಮೇಷ್ಟ್ರು ಆರು ತಿಂಗಳು ಅವಳಿಗೆ ಪಾಠ ಹೇಳಿದರು. ಅವಳು ತಪ್ಪು ಮಾಡಿ ಮುಖ ಸಣ್ಣ ಮಾಡಿದಾಗಲೆಲ್ಲ, ಹುರಿದುಂಬಿಸಲೆಂದು, "ಓದು ಅನ್ನೋದು ಯಾರಿಗೂ ಕಷ್ಟ ಅಲ್ಲ ಕಣಮ್ಮ. ನಮ್ಮ ಕಾತ್ಯಾಯಿನಿ ನೋಡು, ಹದಿನೆಂಟಕ್ಕೇ ಬಿ.ಎ.!" ಎನ್ನುತ್ತಿದ್ದರು. ಚೆಲುವಿ ನನ್ನನ್ನೊಮ್ಮೆ ನೋಡಿ ಇನ್ನಷ್ಟು ಸಣ್ಣಗಾಗುತ್ತಿದ್ದಳು. ನಾನು ಒಳಗೆ ಹೋಗಿ ಅವಳಿಗೆ ಒಂದು ಲೋಟ ಹಾಲು ತರುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನಗಿರಲಿಲ್ಲ.

ಗಣಿತದ ಪರೀಕ್ಷೆ ಸೋಮವಾರ. ಕೇಂದ್ರವಿದ್ದದ್ದು ಕೆರೆಯಾಚೆಯ ಹೈಸ್ಕೂಲಿನಲ್ಲಿ. ಒಂದು ಮೈಲಿ ಕೆರೆಯ ಏರಿ, ಆಮೇಲೆ ನಾಲ್ಕು ಮೈಲಿ ಬಯಲು. ಹತ್ತೂಕಾಲಿಗೆ ಗೇಟು ಮುಚ್ಚುತ್ತಾರೆ. ಚೆಲುವಿ ನಂಜಜ್ಜಿಯನ್ನು ಕೇಳಿಟ್ಟಿದ್ದಳು, ಆದರೆ ಬೆಳಿಗ್ಗೆ ಯಾರಿಗೋ ಎದೆನೋವೆಂದು ಅಜ್ಜಿ ಆಂಬುಲೆನ್ಸ್ ಹತ್ತಿ ಹೋಗಿದ್ದಳು. "ಕಾತ್ಯಾಯಿನಮ್ಮ, ನೀವೇ ಬನ್ನಿ. ಎಪ್ಪತ್ತಾರು ಅಂದ್ರೆ ಕಮ್ಮಿಯೇನಲ್ಲ" ಎಂದಳು. ಮೇಷ್ಟ್ರು ಬರಬೇಕಿತ್ತು, ಆದರೆ ಅವರಿನ್ನೂ ಸ್ನಾನದ ಮನೆಯಲ್ಲಿದ್ದರು. ನಾವಿಬ್ಬರೂ ಒಂಬತ್ತೂಕಾಲಿಗೆ ಹೊರಟೆವು. ಏರಿಯ ಹತ್ತಿರ ಬಂದಾಗ ಚೆಲುವಿ ಚೀಲವೆಲ್ಲ ಕೆದಕಿ, "ಅಯ್ಯಯ್ಯೋ, ಹಾಲ್ ಟಿಕೆಟ್ಟು! ಫ್ರಿಜ್ಜಿನ ಮೇಲೆ ಬುಟ್ ಬಂದಿವ್ನಿ!" ಎಂದಳು. ವಾಪಸ್ಸು ಹೋಗಿ ತಂದೆವು. ಆ ಹೊತ್ತಿನಲ್ಲಿ, ನಾವು ಆಗಲೇ ಶಾಲೆ ಸೇರಿರಬೇಕೆಂದುಕೊಂಡು, ಗೇಟಿನಲ್ಲಿ ನಿಂತು ಅವಳಿಗೆ ಎರಡು ಒಳ್ಳೆಯ ಮಾತು ಹೇಳಬೇಕೆಂದು, ಎಂದೂ ಮುರಿಯದ ಬೆಳಗಿನ ನಿಯಮವನ್ನು ಮುರಿದು, ಮೇಷ್ಟ್ರು ಒಬ್ಬರೇ ಇನ್ನೊಂದು ಕಾರು ಹತ್ತಿ ಹೊರಟಿದ್ದರು.

ನಾವು ಏರಿ ಹತ್ತಿದಾಗ ಒಂಬತ್ತು ಐವತ್ತು. ಉದ್ದಕ್ಕೂ ಕಾರುಗಳ ಸಾಲು. ಒಂದೊಂದನ್ನೇ ದಾಟಿಕೊಂಡು ಮುಂದೆ ಹೋದೆವು. ಎಲ್ಲರೂ ನನಗಿಂತ ಚಿಕ್ಕವರೇ. ಕೊನೆಗೆ, ಯಾರದೋ ಅವಸರಕ್ಕೆ ಜೊತೆಯಾಗಿ ಹೊರಟಿದ್ದ ತಮ್ಮಣ್ಣನವರನ್ನೂ ದಾಟಿದೆವು, ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೋಗಿ ಹೋಗಿ, ಎಲ್ಲಿಗೆ ಹೋಗ್ತೀರಿ? ಮುಂದೆ ನಿಮ್ಮೋರೇ ಇದಾರೆ!" ಎಂದು ಕೂಗಿದರು. ಸಾಲಿನ ತಲೆಯಲ್ಲಿ ಒಂದು ಕಾರು ಆಮೆಗಿಂತ ನಿಧಾನವಾಗಿ ಹೋಗುತ್ತಿತ್ತು. ಅದರೊಳಗಿಂದ ನಾದಸ್ವರ, ಡೋಲು. ನಮ್ಮೂರಿನ ಕಾರುಗಳಲ್ಲಿ ಮದುವೆ ಮೆರವಣಿಗೆಗೆಂದು ಒಂದು ಗುಂಡಿಯಿದೆ, ಮೂರನೆಯ ಪುಟದಲ್ಲಿ, ಗಾಜು ಒರೆಸುವ ಗುಂಡಿಯ ಪಕ್ಕದಲ್ಲೇ. ಹಿಂದಿನ ಗಾಜಿನಲ್ಲಿ ನನಗೆ ಬಹಳ ಚೆನ್ನಾಗಿ ಗೊತ್ತಿರುವ ಒಂದು ಬೋಳು ತಲೆ ಕಾಣಿಸಿತು.

ಅದೇ ಕ್ಷಣ ನಮ್ಮ ಪರದೆಯ ಮೇಲೆ ಪ್ರಶ್ನೆ ಮೂಡಿತು. ನಾನು ಚೆಲುವಿಯ ಮಡಿಲಿನಲ್ಲಿದ್ದ ಗಣಿತದ ಪುಸ್ತಕವನ್ನು ಎತ್ತಿ ಪರದೆಗೆ ಒರಗಿಸಿ, "ಬಿಸಿಲು ಹೊಡೀತಿದೆ" ಎಂದೆ. ಬಿಸಿಲು ಇನ್ನೊಂದು ಕಡೆಯಿತ್ತು.

ಚೆಲುವಿ ಆಗಲೇ ಫೋನು ಹಚ್ಚಿದ್ದಳು. ಅತ್ತಕಡೆಯಿಂದ ಮೊದಲು ಡೋಲು, ಆಮೇಲೆ ಮೇಷ್ಟ್ರು. "ಚೆಲುವೀ! ಗೇಟಿನ ಹತ್ರಾನೇ ಇರಮ್ಮ, ಬಂದೇ ಬಿಟ್ಟೆ! ಇಲ್ಲಿ ಯಾರದೋ ಮದುವೆ ಮೆರವಣಿಗೆ, ಮುಂದಿದೆಯೋ ಹಿಂದಿದೆಯೋ ಕಾಣ್ತಿಲ್ಲ, ವಾಲಗ ಮಾತ್ರ ಕಿವಿಗೆ ಬಡೀತಿದೆ!"

"ರೀ, ಆ ಮೆರವಣಿಗೆ ನೀವೇ!" ನಾನು ಫೋನಿಗೆ ಬಾಯಿಟ್ಟು ಕೂಗಿದೆ. "ಏನೋ ಒತ್ತಿಬಿಟ್ಟಿದೀರಿ!"

"ಕಾತೂ? ನೀನೆಲ್ಲಿದೀಯೆ? ನಾನು ಒತ್ತಿದ್ದು ಗಾಜು ಒರೆಸೋದನ್ನ. ಹಕ್ಕಿ ಗಲೀಜು ಮಾಡಿತ್ತು."

"ಅದರ ಪಕ್ಕದ್ದು ಒತ್ತಿದೀರಿ. ಮೂರನೇ ಪುಟಕ್ಕೆ ಹೋಗಿ, ಮತ್ತೆ ಅದನ್ನೇ ಒತ್ತಿ."

"ಇರು ಇರು. ಹಾಂ, ಒತ್ತಿದೆ."

ಮುಂದಿನ ಕಾರಿನ ನೆತ್ತಿಯ ಮೇಲೆ ಕೆಂಪು, ಹಸಿರು, ಹಳದಿ ದೀಪಗಳು ಹತ್ತಿಕೊಂಡು ಗಿರಗಿರನೆ ತಿರುಗತೊಡಗಿದವು. "ನಿಂತ್ಕೊಳ್ತಾ?" ಎಂದರು ಮೇಷ್ಟ್ರು. "ಇಲ್ಲ, ದೀಪ ಹತ್ತಿತು." "ಹೌದಾ? ಹಾಗಾದ್ರೆ ಇದನ್ನ ಒತ್ತಲಾ?" "ಬೇಡಾ!" ಎಂದು ನಾವಿಬ್ಬರೂ ಒಟ್ಟಿಗೆ ಚೀರಿದೆವು. ಕಾರಿನ ಎರಡೂ ಪಕ್ಕದಿಂದ ಪನ್ನೀರು ಚಿಮ್ಮಿ ನಮ್ಮ ಗಾಜಿನ ತುಂಬ ಬಿತ್ತು. ಹಿಂದಿನಿಂದ ತಮ್ಮಣ್ಣನವರು ಅಕ್ಷತೆ ಹಾಕುವವರ ಹಾಗೆ ಕೈ ಎತ್ತಿ ಆಡಿಸುತ್ತಿದ್ದರು.

ಇಳಿದು ಓಡಿಹೋಗಿ ಅವರನ್ನು ಎಳೆದುಕೊಂಡು ಬರೋಣವೆಂದರೆ, ಏರಿಯ ಮೇಲೆ ಯಾವ ಕಾರಿನ ಬಾಗಿಲೂ ತೆರೆಯುವುದಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಕಾರುಗಳಿಗೆ ಭಯ. ಪಕ್ಕಕ್ಕೆ ತಿರುಗಲು ದಾರಿಯಿಲ್ಲ. ಆ ವೇಗದಲ್ಲಿ ಏರಿ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಬೇಕು. ಚೆಲುವಿ ಫೋನು ಕೆಳಗಿಟ್ಟಳು. ಅವಳು ಅಳಲಿಲ್ಲ. ಪೆನ್ನು, ಪೆನ್ಸಿಲ್ಲು, ಹಾಲ್ ಟಿಕೆಟ್ಟು ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿದಳು. "ಹೋಗ್ಲಿ ಬುಡಿ ಅಮ್ಮ. ಅಂಗನವಾಡೀಲಿ ಚಾಪೆ ಹಾಸೋಕ್ಕೂ ಯಾರಾದ್ರೂ ಬೇಕಲ್ಲ. ಗಂಟೆ ಎಷ್ಟಾಯ್ತು?" ಎನ್ನುತ್ತ, ಹೊತ್ತು ನೋಡಲು ಪರದೆಯ ಮುಂದಿನ ಪುಸ್ತಕವನ್ನು ಸರಿಸಿಬಿಟ್ಟಳು.

ಹತ್ತು ಗಂಟೆಗೆ ಮೂರು ನಿಮಿಷವಿತ್ತು. ಅದರ ಕೆಳಗೆ, ಬೆರಳುದ್ದದ ಅಕ್ಷರಗಳಲ್ಲಿ: 'ಮುಂದೆ ಹೋಗಲೇ?'

"ಇದೇನಮ್ಮ, ಇಂಗೆ ಕೇಳ್ತೈತೆ?"

"ಕೆಟ್ಟಿರಬೇಕು" ಎಂದೆ.

ಚೆಲುವಿ ಬೆರಳು ಮಡಿಸಿದಳು. "ಮುಂದಿರೋರು ಮೇಷ್ಟ್ರು, ಎಪ್ಪತ್ತೆಂಟು. ನೀವು ಎಪ್ಪತ್ತಾರು. ನಾನು ನಲವತ್ನಾಕು. ಕೈಮುಗಿದಿರೋ ಚಿತ್ರ ಬರ್ಬೇಕು. ಪ್ರಶ್ನೆ ಬಂದೈತೆ ಅಂದ್ರೆ..." ಅವಳು ನಿಲ್ಲಿಸಿ ನನ್ನ ಮುಖ ನೋಡಿದಳು. ಅಂಥ ಗಾಬರಿಯಲ್ಲೂ ನನಗನ್ನಿಸಿತು, ಇವಳು ಪರೀಕ್ಷೆಗೆ ಪೂರ್ತಿ ತಯಾರಾಗಿದ್ದಾಳೆ ಎಂದು.

"ನನಗೆ ಎಪ್ಪತ್ತೊಂಬತ್ತು ಚೆಲುವಿ."

"ಹಂಗಾರೆ ಬಿ.ಎ.?"

"ಇಪ್ಪತ್ತೊಂದಕ್ಕೆ. ಟೈಫಾಯ್ಡ್ ಬಂದು ಒಂದು ವರ್ಷ ಹೋಯ್ತು. ಇನ್ನೊಂದು ವರ್ಷ ಅರ್ಥಶಾಸ್ತ್ರದಲ್ಲಿ ಫೇಲಾಗಿ ಹೋಯ್ತು."

"ಫೇಲಾ?" ಅವಳ ಕಣ್ಣು ಎಷ್ಟು ಅರಳಿತೆಂದರೆ ನಾನು ಚಿನ್ನದ ಪದಕ ಬಂದಿತ್ತೆಂದು ಹೇಳಿದ್ದರೂ ಅಷ್ಟು ಅರಳುತ್ತಿರಲಿಲ್ಲ. "ನೀವು? ಫೇಲಾ? ಎಷ್ಟಕ್ಕೆ?"

"ಇಪ್ಪತ್ತೆರಡು ಅಂಕ."

"ನಂಗೆ ಇಪ್ಪತ್ತೇಳು ಬಂದಿತ್ತು!" ಎಂದವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ಮೇಷ್ಟ್ರಿಗೆ ಗೊತ್ತಿಲ್ವಾ?"

"ಇಲ್ಲ."

"ಹಂಗಾರೆ ಒತ್ತಬ್ಯಾಡಿ ಅಮ್ಮ. ಹಿಂದೆ ಊರೇ ನೋಡ್ತಾ ಐತೆ. ಅವರು ನೊಂದ್ಕತಾರೆ. ನಂಗೆ ಆರು ತಿಂಗಳು ಪಾಠ ಹೇಳವ್ರೆ, ಒಂದು ದಿನ ಗದರಿಲ್ಲ. ಬ್ಯಾಡ ಬುಡಿ, ನಾನು ಯಾರಿಗೂ ಹೇಳಲ್ಲ."

ಅವಳ ಜೀವಮಾನದ ಪರೀಕ್ಷೆ ಕೈಬಿಟ್ಟು ಹೋಗುತ್ತಿತ್ತು, ಅವಳು ನನ್ನ ಮರ್ಯಾದೆಗೆ ಸೆರಗು ಹೊದಿಸುತ್ತಿದ್ದಳು. ನನಗೆ ನನ್ನ ಮೇಲೆ ಎಂಥ ನಾಚಿಕೆಯಾಯಿತೆಂದರೆ, ಬೆರಳು ತಾನಾಗಿ ಮುಂದೆ ಹೋಗಿ 'ಹೌದು' ಒತ್ತಿತು.

ಏನೂ ಆಗಲಿಲ್ಲ.

ಈ ಪರದೆಗಳಿಗೆ ಮುದುಕರ ಒಣ ಬೆರಳು ತಿಳಿಯುವುದಿಲ್ಲ. ಅದಕ್ಕೇ ನಮ್ಮೂರಿನ ಹೆಂಗಸರೆಲ್ಲ ಕಾರಿನಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳುತ್ತೇವೆ, ಬ್ಯಾಂಕಿನ ಕ್ಯಾಷಿಯರ್ ಮುಂದೆ ಇರುತ್ತದಲ್ಲ, ಅಂಥ ಒದ್ದೆ ಸ್ಪಂಜಿನ ಡಬ್ಬಿ. ಅಷ್ಟೂ ಕಾರು ದಾಟುವ ಹೊತ್ತಿಗೆ ಆ ಸ್ಪಂಜು ಒಣಗಿ ರೊಟ್ಟಿಯಾಗಿತ್ತು. ಮತ್ತೆ ಒತ್ತಿದೆ. ಕುಟ್ಟಿದೆ. ಹೆಬ್ಬೆರಳಿನಿಂದ ತೀಡಿದೆ. ಪಕ್ಕದ ಯಾವುದೋ ಗುಂಡಿ ತಗಲಿ ನನ್ನ ಆಸನ ಬೆಚ್ಚಗಾಗತೊಡಗಿತು. ಐವತ್ತೇಳು ವರ್ಷದ ಸುಳ್ಳನ್ನು ಬಿಡಲು ಕೊನೆಗೂ ಮನಸ್ಸು ಮಾಡಿದರೆ ಯಂತ್ರ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ! "ನೀನು ಒತ್ತೇ" ಎಂದೆ. "ನಾನು ಒತ್ತಿದ್ರೆ ಕೇಳಾಕಿಲ್ಲ, ಹಿರಿಯರೇ ಒತ್ಬೇಕು" ಎಂದಳು ಚೆಲುವಿ. "ನಾಲಿಗೆಗೆ ಹಚ್ಕಳಿ ಅಮ್ಮ!"

ಮೂವತ್ತು ವರ್ಷ ಲೈಬ್ರರಿಯಲ್ಲಿ 'ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಬಾರದು' ಎಂಬ ಬೋರ್ಡಿನ ಕೆಳಗೆ ಕೂತವಳು ನಾನು. ಎಷ್ಟು ಹುಡುಗರಿಗೆ ಅದಕ್ಕಾಗಿ ಗದರಿದ್ದೇನೋ. ಬೆರಳನ್ನು ಬಾಯಿಗಿಟ್ಟು ಚೆನ್ನಾಗಿ ಒದ್ದೆ ಮಾಡಿ 'ಹೌದು' ಎಂಬುದರ ಮೇಲೆ ಊರಿದೆ.

ಕಾರು ಹಾರಿತು. ಹಾರಿತು ಎಂದೇ ಹೇಳಬೇಕು. ಮೇಷ್ಟ್ರ ಕಾರಿಗೆ ಸಮನಾಗಿ ಬಂದಾಗ ಒಂದು ಕ್ಷಣ ಎರಡೂ ಕಿಟಕಿ ಎದುರುಬದುರಾದವು. ಅವರು ಪರದೆಯ ಮೇಲೆ ಬಾಗಿ ಎರಡೂ ಕೈಯಿಂದ ಏನೇನೋ ಒತ್ತುತ್ತಿದ್ದವರು ತಲೆಯೆತ್ತಿ ನೋಡಿದರು. ಮೊದಲು ನಮ್ಮನ್ನು ಕಂಡ ಸಂತೋಷಕ್ಕೆ ಕೈ ಬೀಸಿದರು. ಆಮೇಲೆ ಬೀಸುತ್ತಿದ್ದ ಕೈ ಅಲ್ಲೇ ನಿಂತಿತು. ಅವರ ಹುಬ್ಬು ಗಂಟಾಯಿತು. ಮಕ್ಕಳ ಉತ್ತರ ಪತ್ರಿಕೆಯ ಕೊನೆಯ ಸಾಲು ತಪ್ಪಾಗಿ, ಎಲ್ಲಿ ತಪ್ಪಿತೆಂದು ಮೇಲಿನಿಂದ ಹುಡುಕುವಾಗ ಆಗುತ್ತಿತ್ತಲ್ಲ, ಹಾಗೆ. ಅಷ್ಟರಲ್ಲಿ ನಾವು ದಾಟಿದ್ದೆವು. ಹಿಂದಿನಿಂದ ಊರಿಗೂರೇ ಹಾರ್ನ್ ಹೊಡೆಯಿತು. ನಾದಸ್ವರ ಸಣ್ಣಗಾಗುತ್ತ ಹೋಯಿತು. ಬಯಲಿಗೆ ಇಳಿದ ಮೇಲೆ ಕಾರು ಎಷ್ಟು ವೇಗವಾಗಿ ಹೋಯಿತೆಂದರೆ ಹೆದರಿಕೆಗೆ ನಗು, ನಗುವಿಗೆ ಇನ್ನಷ್ಟು ಹೆದರಿಕೆ. ಚೆಲುವಿ ನನ್ನನ್ನೂ ನಾನು ಅವಳನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಪ್ರಮೇಯ ಒಂದು, ಪ್ರಮೇಯ ಎರಡು ಎಂದು ಜೋರಾಗಿ ಹೇಳಿಕೊಳ್ಳುತ್ತ ಹೋದೆವು.

ಶಾಲೆಯ ಮುಂದೆ ನಿಂತಾಗ ಕಾವಲುಗಾರ ಗೇಟು ಎಳೆದು ಬೀಗ ಕೈಗೆತ್ತಿಕೊಂಡಿದ್ದ. ಚೆಲುವಿ ಓಡುವುದನ್ನು ನೋಡಿದ. ಅವನು ದಿನಾ ಹಾಕುವ ಬೀಗ ಅದು, ಆದರೂ ಕೀಲಿಗೆ ಅವತ್ತು ತೂತು ಸಿಗಲೇ ಇಲ್ಲ. ಕೀಲಿ ಕೆಳಗೆ ಬಿತ್ತು. ಬಗ್ಗಿ ತೆಗೆದುಕೊಂಡ, ಮತ್ತೆ ಬಿತ್ತು. ಚೆಲುವಿ ಒಳಗೆ ಹೋದ ಮೇಲೆ ಒಂದೇ ಸಲಕ್ಕೆ ಸಿಕ್ಕಿತು. ನಾನು ಕೈಮುಗಿದೆ. "ಬೆಳಗಿನ ಹೊತ್ತು ಕೈ ಯಾಕೋ ನಡುಗ್ತವೆ ಅಮ್ಮ" ಎಂದ. ಮೂವತ್ತು ವರ್ಷದ ಗಟ್ಟಿ ಆಳು.

ಗೇಟಿನ ಪಕ್ಕದ ಹೊಂಗೆ ಮರದ ಕಟ್ಟೆಯ ಮೇಲೆ ಕೂತೆ. ಹನ್ನೊಂದೂಕಾಲಿಗೆ ದೂರದಲ್ಲಿ ವಾಲಗ ಕೇಳಿಸಿತು. ಏರಿ ಇಳಿದ ಮೇಲೆ ಮೇಷ್ಟ್ರು ಇನ್ನೇನೋ ಒತ್ತಿ ವೇಗ ಹೆಚ್ಚಿಸಿಕೊಂಡಿದ್ದರಂತೆ, ವಾಲಗ ಮಾತ್ರ ನಿಂತಿರಲಿಲ್ಲ. ಬಣ್ಣದ ದೀಪ ತಿರುಗಿಸುತ್ತ, ಪನ್ನೀರು ಚಿಮುಕಿಸುತ್ತ ಮೇಷ್ಟ್ರ ಕಾರು ಬಂತು. ಅದರ ಹಿಂದೆ ಐವತ್ತೋ ಅರವತ್ತೋ ಕಾರು. ಅವುಗಳಲ್ಲಿ ಅರ್ಧದಷ್ಟು ಜನಕ್ಕೆ ಈ ಕಡೆ ಕೆಲಸವೇ ಇರಲಿಲ್ಲ, ಮುಂದೇನಾಗುತ್ತದೋ ನೋಡೋಣವೆಂದು ಬಂದಿದ್ದರು. ತಮ್ಮಣ್ಣನವರು ಎಲ್ಲರಿಗಿಂತ ಮೊದಲು ಇಳಿದು ಓಡಿಬಂದರು. "ಕಾತ್ಯಾಯಿನಮ್ಮೋರೇ! ನನ್ನ ಮೀಸೆ ನೋಡಿ ನಕ್ಕಿರಲ್ಲ! ಈಗ ಹೇಳಿ, ಎಷ್ಟು ನಿಮಗೆ?"

"ನಾನು ನಗಲಿಲ್ಲ ತಮ್ಮಣ್ಣನವರೇ, ನೀರು ಕುಡೀತಿದ್ದೆ. ಎಪ್ಪತ್ತೊಂಬತ್ತು."

ಮೇಷ್ಟ್ರು ನಿಧಾನವಾಗಿ ಇಳಿದು ಬಂದು ನನ್ನ ಪಕ್ಕ ಕೂತರು. ಪನ್ನೀರಿನಲ್ಲಿ ಶರಟು ತೊಯ್ದಿತ್ತು. ಕೊಡೆಯ ತುದಿಯಿಂದ ಧೂಳಿನಲ್ಲಿ ಎಪ್ಪತ್ತೊಂಬತ್ತು ಬರೆದರು, ಅದರ ಕೆಳಗೆ ಐವತ್ತೇಳು, ಕೆಳಗೊಂದು ಗೆರೆ. ಇಪ್ಪತ್ತೆರಡು ಎಂದು ಬರೆದರು. "ಮದುವೆಯಾದಾಗ ಇಪ್ಪತ್ತೆರಡು. ಹಾಗಾದ್ರೆ ಬಿ.ಎ. ಇಪ್ಪತ್ತೊಂದಕ್ಕೆ."

"ಹೌದು. ಟೈಫಾಯ್ಡ್ ಬಂದು ಒಂದು ವರ್ಷ ಹೋಯ್ತು. ಒಂದು ಸಲ ಫೇಲೂ ಆಗಿದ್ದೆ."

"ಐವತ್ತೇಳು ವರ್ಷ ನನ್ನ ಕೈಲಿ ತಪ್ಪು ಲೆಕ್ಕ ಹೇಳಿಸಿದೆಯಲ್ಲೇ, ಕಾತೂ." ದನಿ ಸಣ್ಣದಾಗಿತ್ತು. "ನಿಮಗೆ ಅದು ಅಷ್ಟು ಹೆಮ್ಮೆಯಾಗಿತ್ತು..." ಎಂದೆ.

ಅವರು ಧೂಳಿನ ಲೆಕ್ಕವನ್ನು ಚಪ್ಪಲಿಯಿಂದ ಅಳಿಸಿದರು. ಸುತ್ತ ನೋಡಿ, ಜನ ಸ್ವಲ್ಪ ದೂರವಿದ್ದಾರೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದರು. "ನಾನು ಎರಡು ಸಲ."

"ಏನು ಎರಡು ಸಲ?"

"ಫೇಲು. ಎಸ್ಸೆಸ್ಸೆಲ್ಸಿ."

"ಯಾವುದರಲ್ಲಿ?"

ಮೇಷ್ಟ್ರು ಹೊಂಗೆ ಮರದ ಕೊಂಬೆಯನ್ನು ನೋಡುತ್ತ, "ಗಣಿತ" ಎಂದರು.

ನಾನು ಅವರ ಮುಖವನ್ನೇ ನೋಡಿದೆ. ಕಿವಿಯೆಲ್ಲ ಕೆಂಪಾಗಿತ್ತು. "ಹದಿನೆಂಟಕ್ಕೇ ಬಿ.ಎ. ಮಾಡಿದ ಹುಡುಗಿ ಮನೆಗೆ ಬಂದಳು. ಅವಳ ಮುಂದೆ ಹೇಳೋದು ಹೇಗೆ? ನಾಳೆ ಹೇಳೋಣ ನಾಳೆ ಹೇಳೋಣ ಅಂತ..." ಎಂದರು. ಆಮೇಲೆ ಇಬ್ಬರಲ್ಲಿ ಯಾರು ಮೊದಲು ನಕ್ಕಿದ್ದೋ ನೆನಪಿಲ್ಲ. ಇಷ್ಟು ನೆನಪಿದೆ, ಕಾವಲುಗಾರ ಓಡಿಬಂದು ತುಟಿಯ ಮೇಲೆ ಬೆರಳಿಟ್ಟು, "ಒಳಗೆ ಪರೀಕ್ಷೆ ನಡೀತೈತೆ, ಮೆಲ್ಲಗೆ ನಗ್ರಿ" ಎಂದು ಬೇಡಿಕೊಂಡ. ನಾವು ಸೆರಗು, ಕರವಸ್ತ್ರ ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವ ಹಾಗೆ ನಕ್ಕೆವು. ಏನಾಯಿತೆಂದು ತಿಳಿಯದೆ ತಮ್ಮಣ್ಣನವರೂ ನಗತೊಡಗಿದರು. ಉಳಿದವರು ಟೀ ಅಂಗಡಿಯಿಂದ ಎಲ್ಲರಿಗೂ ಟೀ ತರಿಸಿದರು. ಆಗಲೇ ಮೇಷ್ಟ್ರು ಟೀ ತಂದ ಮನುಷ್ಯನ ತೋಳು ಹಿಡಿದು, ಎಂದಿನ ಅದೇ ಗತ್ತಿನಲ್ಲಿ, ದನಿಯನ್ನು ಮಾತ್ರ ತಗ್ಗಿಸಿ ಹೇಳುವುದು ನನ್ನ ಕಿವಿಗೆ ಬಿತ್ತು: "ನಮ್ಮ ಕಾತ್ಯಾಯಿನಿ ಇದಾಳಲ್ಲ, ಟೈಫಾಯ್ಡ್ ಬಂದು, ಒಂದು ಸಲ ಫೇಲಾಗಿ, ಆಮೇಲೂ ಬಿಡದೆ ಬಿ.ಎ. ಮಾಡಿದವಳು ಕಣಯ್ಯ!"

ಒಂದೂವರೆಗೆ ಹದಿನೈದು ವರ್ಷದ ಹುಡುಗಿಯರ ನಡುವೆ ಚೆಲುವಿ ಹೊರಗೆ ಬಂದಳು. ಮೂಗಿನ ಮೇಲೆ ಶಾಯಿ. ಗೇಟಿನಾಚೆ ನಿಂತಿದ್ದ ಅಷ್ಟೂ ಜನರನ್ನು ನೋಡಿ ಹೆದರಿ ನಿಂತುಬಿಟ್ಟಳು. "ಬರೆದ್ಯೇನಮ್ಮ?" ಎಂದರು ಮೇಷ್ಟ್ರು. "ಬರೆದೆ ಮೇಷ್ಟ್ರೇ. ಎರಡು ಬುಟ್ಟೆ." ಅವರು ಅವಳ ತಲೆಯ ಮೇಲೆ ಕೈಯಿಟ್ಟು, ತಾವೂ ಅದೇ ಎರಡು ಬಿಟ್ಟಿರುತ್ತಿದ್ದೆವೆಂದು ಹೇಳಿದರು. ಅವಳು ನಂಬಲಿಲ್ಲ.

ಮೂವತ್ತೊಂಬತ್ತು ಅಂಕ ಬಂತು. ಪಾಸಿಗೆ ಮೂವತ್ತೈದು ಸಾಕು.

ಜೂನ್ ತಿಂಗಳಲ್ಲಿ ಚೆಲುವಿ ಅಂಗನವಾಡಿಯ ಟೀಚರಾಗಿ ಕೂತ ಮೊದಲ ದಿನ, ಮಕ್ಕಳಿಗೆ ಹಂಚಲು ಕೊಬ್ಬರಿ ಮಿಠಾಯಿ ಮಾಡಿಕೊಂಡು ನಾನೂ ಹೋಗಿದ್ದೆ. ಅವಳು ಹೊಸ ಸೀರೆಯುಟ್ಟು, ದಾಖಲಾತಿ ಪುಸ್ತಕ ತೆರೆದು, ಪೆನ್ನನ್ನು ನೆಟ್ಟಗೆ ಹಿಡಿದು ಕೂತಿದ್ದಳು. ಒಬ್ಬ ಅಪ್ಪ ಮಗಳ ಕೈ ಹಿಡಿದು ಮುಂದೆ ಬಂದ. ಹೆಸರು ಬರೆದಾಯಿತು. "ವಯಸ್ಸು?" ಎಂದಳು ಚೆಲುವಿ.

"ಮೂರು ಅಂತ ಬರ್ಕಳಿ ಟೀಚರ್."

"ಬರ್ಕಳಿ ಅಂದ್ರೆ? ಇರೋದೆಷ್ಟು?"

"ಒಂದು ವರ್ಷ ಕಮ್ಮಿ ಇದ್ರೆ ಮುಂದೆ ಒಳ್ಳೇದಾಯ್ತದೆ. ಹೆಣ್ಣುಮಗು ನೋಡಿ" ಎಂದು ಅವನು ದನಿ ತಗ್ಗಿಸಿದ.

ಚೆಲುವಿ ಪೆನ್ನು ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ, ಆದರೆ ತುಟಿಯ ಮೂಲೆಯಲ್ಲಿ ನಗು ಆಡುತ್ತಿತ್ತು. ಅವಳು ಅಪ್ಪನನ್ನು ಬಿಟ್ಟು ಮೇಜಿನ ಮೇಲೆ ಬಾಗಿ, ಆ ಪುಟ್ಟ ಹುಡುಗಿಯನ್ನೇ ಕೇಳಿದಳು, "ನೀನು ಹೇಳು ಪುಟ್ಟಿ. ಎಷ್ಟಮ್ಮ ನಿಂಗೆ?"

ಹುಡುಗಿ ಬಾಯಲ್ಲಿದ್ದ ಮಿಠಾಯಿಯನ್ನು ಒಂದು ಕೆನ್ನೆಗೆ ಸರಿಸಿ, ಅಪ್ಪನ ಕೈ ಬಿಡಿಸಿಕೊಂಡು, ನಾಲ್ಕು ಬೆರಳನ್ನು ಆದಷ್ಟೂ ಮೇಲಕ್ಕೆ ಎತ್ತಿ ಹಿಡಿದಳು.